ಅಳಿಲು ಮೂಸಿದ ಅನ್ನ

ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಶುರು ಮಾಡಿದಾಗ ಸೊಸೆ ಹಾಕಿದ ಲೆಕ್ಕ ಹೀಗಿತ್ತು. ಕಿಟಕಿಗೆ ಜಾಲರಿ, ಬಾಗಿಲಿಗೆ ಎತ್ತರದಲ್ಲೊಂದು ಚಿಲಕ, ಏಳು ಚಾಪೆ, ಏಳು ತಟ್ಟೆ, ಏಳು ಚಮಚ. ಇಷ್ಟಕ್ಕೆ ಅವಳ ಎರಡು ಚಿನ್ನದ ಬಳೆ ಹೋದವು. ಹಾಲು, ಅಕ್ಕಿ, ಬೇಳೆ, ತರಕಾರಿ, ಹಣ್ಣಿಗೆ ಮೂರು ಮಕ್ಕಳ ತಿಂಗಳ ಫೀಸು. ಗ್ಯಾಸು, ಸೋಪು, ನೆಲ ಒರೆಸುವ ಔಷಧಿಗೆ ಇನ್ನೊಂದು ಮಗುವಿನದು. ಉಳಿದ ಮೂವರದು ಮನೆಗೆ. ದೊಡ್ಡ ಫ್ರಿಜ್ಜು ಕೊಳ್ಳಬೇಕೆಂದರೆ ಆ ಮೂವರ ಅರ್ಧ ವರ್ಷದ ಫೀಸು ಬೇಕಿತ್ತು. ಅದನ್ನು ಲೆಕ್ಕದಿಂದ ಹೊಡೆದುಹಾಕಿಸಿದ್ದು ಅತ್ತೆ.

"ನನ್ನ ಮೂಗಿರೋವಾಗ ಇನ್ನೊಂದು ಫ್ರಿಜ್ಜು ಯಾಕೆ? ಹಾಲು, ಮೊಸರಿಗೆ ಈ ಪುಟ್ಟದು ಸಾಕು."

ಆ ಮಾತಿಗೆ ಯಾರೂ ಎದುರಾಡಲಿಲ್ಲ. ಅತ್ತೆ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಜೀವಮಾನ ಸವೆಸಿದವಳು. ಹಳಸಿದ ಅನ್ನವನ್ನು ಮುಚ್ಚಳ ತೆಗೆಯುವ ಮೊದಲೇ ಹೇಳುತ್ತಿದ್ದಳು. ಮೀನಿನ ಅಂಗಡಿಯವನು ಅವಳು ಬರುವುದನ್ನು ಕಂಡರೆ ಹಳೆಯ ಬುಟ್ಟಿಯನ್ನು ಹಿಂದಕ್ಕೆ ಸರಿಸುತ್ತಿದ್ದನಂತೆ. ಮನೆಯಲ್ಲಿ ಯಾವುದನ್ನು ಬಡಿಸಬೇಕು, ಯಾವುದನ್ನು ಚೆಲ್ಲಬೇಕು ಎನ್ನುವುದು ಅವಳ ಮೂಗಿಗೆ ಬಿಟ್ಟ ವಿಷಯ. ಚೆಲ್ಲಿದ್ದಂತೂ ಅಪರೂಪ. "ಅನ್ನ ಚೆಲ್ಲಿದ ಕೈ ಒಂದಲ್ಲ ಒಂದಿನ ಅನ್ನಕ್ಕೆ ಚಾಚುತ್ತೆ" ಎನ್ನುವವಳು ಅವಳು. ಬಿಟ್ಟಿ ಸಿಗುವ ವಸ್ತುವಿನ ಮೇಲೆ ಮನೆಯವರು ಭಾರ ಹಾಕುವುದು ಹೆಚ್ಚು. ಆ ಮನೆಯಲ್ಲಿ ಅತ್ತೆಯ ಮೂಗು ಅಂಥ ವಸ್ತುವಾಗಿತ್ತು.

ಮನೆಯಲ್ಲಿ ಇದ್ದವರು ನಾಲ್ವರು. ಅತ್ತೆ, ಸೊಸೆ, ನಗರದ ಬಸ್ಸು ಓಡಿಸುವ ಮಗ, ಶಾಲೆಯ ಕೊನೆಯ ವರ್ಷದಲ್ಲಿದ್ದ ಮೊಮ್ಮಗಳು. ಚಳಿಗಾಲದಲ್ಲಿ ಒಬ್ಬರಾದ ಮೇಲೊಬ್ಬರು ಜ್ವರದಲ್ಲಿ ಮಲಗಿ ಎದ್ದಿದ್ದರು. ಅತ್ತೆ ಎಲ್ಲರಿಗಿಂತ ಹೆಚ್ಚು ದಿನ ಮಲಗಿದಳು, ಎದ್ದವಳೇ ಮತ್ತೆ ಒಲೆಯ ಮುಂದೆ ನಿಂತಳು. ಎಲ್ಲ ಮೊದಲಿನಂತಾಯಿತು ಎಂದು ಎಲ್ಲರೂ ತಿಳಿದರು.

ಆ ಪುಟ್ಟ ಹುಡುಗಿ ಬಂದದ್ದು ಚಳಿ ಇನ್ನೂ ಪೂರ್ತಿ ಹೋಗಿರದ ದಿನಗಳಲ್ಲಿ. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಹಾಕುವ ತಾಯಿ ಅವಳನ್ನು ಬಾಗಿಲಲ್ಲಿ ಇಳಿಸಿ, ಕೆಲಸಕ್ಕೆ ಹೊತ್ತಾಯಿತೆಂದು ಓಡಿದಳು. ಹುಡುಗಿ ಅಳಲಿಲ್ಲ. ಹೊಸ್ತಿಲ ಮೇಲೆ ನಿಂತು, ಮುಖ ಸ್ವಲ್ಪ ಮೇಲೆತ್ತಿ, ಮನೆಯನ್ನು ಮೂಸಿದಳು. ಆಮೇಲೆ ಒಳಗೆ ಬಂದಳು.

ಅವಳಿಗೆ ನಾಲ್ಕು ವರ್ಷ. ಮಾತು ಬರುತ್ತಿತ್ತು, ಆಡುತ್ತಿರಲಿಲ್ಲ. ಏನು ಕೊಟ್ಟರೂ ಎರಡೂ ಕೈಯಲ್ಲಿ ಹಿಡಿದು ಮೂಗಿನ ಹತ್ತಿರ ಒಯ್ದು, ಕಣ್ಣು ಮುಚ್ಚಿ ಮೂಸುವಳು. ತಾನೇ ಹೂಂ ಎಂದರೆ ತಿನ್ನುವಳು. ಬೇಡ ಎಂದರೆ ಕೆಳಗಿಡುವಳು.

"ಎಲ್ಲಿಂದ ಬಂತೇ ಈ ಅಳಿಲು?" ಎಂದು ಮಗ ನಕ್ಕ. ಅಂದಿನಿಂದ ಎಲ್ಲರಿಗೂ ಅವಳು ಅಳಿಲು.

ಮೊದಲಿಗೆ ಅದು ಮುದ್ದಾಗಿ ಕಾಣುತ್ತಿತ್ತು. ಕೆಲವು ವಾರ ಕಳೆದ ಮೇಲೆ ಮಗ ಒಂದು ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದ. ಮುಂದಿನ ಕೋಣೆ ದಾಟಬೇಕಾದವನು ಬಾಗಿಲಲ್ಲೇ ನಿಂತ. ಮಕ್ಕಳು ಸಾಲಾಗಿ ಕೂತಿದ್ದರು. ತಟ್ಟೆಯಲ್ಲಿ ಅನ್ನ, ಬೇಳೆ, ಬೇಯಿಸಿದ ಕ್ಯಾರೆಟ್ಟು. ಎಲ್ಲರ ಕೈಯಲ್ಲೂ ಚಮಚ ಮೇಲೆದ್ದಿತ್ತು, ಯಾರ ಬಾಯಿಗೂ ಹೋಗಿರಲಿಲ್ಲ. ಗಲಾಟೆಯಿಲ್ಲ, ಕೆಮ್ಮಿಲ್ಲ. ಎಲ್ಲರೂ ಸಾಲಿನ ಕೊನೆಯಲ್ಲಿ ಕೂತ ಅಳಿಲನ್ನು ನೋಡುತ್ತಿದ್ದರು. ಅವಳು ಚಮಚವನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದ್ದಳು.

"ಹೂಂ" ಎಂದಳು.

ಏಳು ಚಮಚಗಳು ಒಟ್ಟಿಗೆ ಬಾಯಿಗೆ ಹೋದವು.

ಮಗ ಒಳಗೆ ಬಂದು ಕೈ ತೊಳೆಯುವುದನ್ನೂ ಮರೆತು ಕೂತ. "ಏನೇ ಅದು? ಮಂತ್ರ ಹಾಕಿದ ಹಾಗೆ ಕೂತಿದ್ವಲ್ಲ!"

"ಈಗ ದಿನಾ ಹಾಗೇ ರೀ" ಎಂದಳು ಸೊಸೆ. "ಮೊದಲು ಈ ಮಕ್ಕಳಲ್ಲಿ ಗುಂಡ ಒಬ್ಬನೇ ಮಾಡ್ತಿದ್ದ. ಈಗ ಎಲ್ಲಾ. ಅವಳು ಬೇಡ ಅಂದ್ರೆ ಒಬ್ಬರೂ ಮುಟ್ಟಲ್ಲ. ಸೋಮವಾರ ಮೊಸರು ಬೇಡ ಅಂದ್ಲು. ನನಗೆ ಚೆನ್ನಾಗೇ ಇತ್ತು. ಸಂಜೆ ಹೊತ್ತಿಗೆ ನೋಡಿದ್ರೆ ಬಾಯಲ್ಲಿಡಕ್ಕಾಗದಷ್ಟು ಹುಳಿ."

"ಸಂಜೆ ಹೊತ್ತಿಗೆ ನಾನೂ ಹುಳಿ ಆಗ್ತೀನಿ. ಅದರಲ್ಲಿ ಏನಿದೆ?"

"ತಮಾಷೆ ಬೇಡ. ನನಗೆ ಅವಳ ಕಣ್ಣು ನೋಡಿದ್ರೆ ಒಂಥರಾ ಆಗುತ್ತೆ."

ಅತ್ತೆ ಒಲೆಯ ಕಡೆಯಿಂದಲೇ ತಿರುಗಿದಳು. "ಸುಮ್ನಿರೇ. ಮಗು ಅದು. ಒಳ್ಳೇದು ಕೆಟ್ಟದ್ದು ತಿಳ್ಕೊಂಡು ತಿನ್ನುತ್ತೆ. ನಿನ್ನ ಮಗಳು ತಿನ್ನೋದು ನೋಡು, ಬೀದೀಲಿ ಸಿಕ್ಕಿದ್ದೆಲ್ಲಾ."

"ನಾನೇನು ಮಾಡ್ದೆ ಈಗ?" ಎಂದಿತು ಒಳಕೋಣೆಯಿಂದ ಮೊಮ್ಮಗಳ ದನಿ.

ಅತ್ತೆ ಅಳಿಲಿನ ಪರ ಮಾತಾಡುವುದಕ್ಕೆ ಕಾರಣವಿತ್ತು. ಸೊಸೆಗೆ ಅದು ತಿಳಿದದ್ದು ನಿಧಾನವಾಗಿ. ಒಂದು ಬೆಳಿಗ್ಗೆ ಅವಳು ಬಟ್ಟೆ ಹರವಿ ಹಿಂದಿನ ಬಾಗಿಲಿಂದ ಬಂದಾಗ ಅಡುಗೆಮನೆಯಲ್ಲಿ ಅಳಿಲು ಪುಟ್ಟ ಮಣೆಯ ಮೇಲೆ ಕೂತಿದ್ದಳು. ಅತ್ತೆ ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು, ಸೊಂಟ ಬಗ್ಗಿಸಿ, ಅವಳ ಮೂಗಿನ ಮಟ್ಟಕ್ಕೆ ಹಿಡಿಯುತ್ತಿದ್ದಳು. ನಿನ್ನೆಯ ಬೇಳೆ. ಹೂಂ. ಬೆಳಗಿನ ಹಾಲು. ಹೂಂ. ತುರಿದಿಟ್ಟ ತೆಂಗಿನಕಾಯಿ. ಬೇಡ. ಅತ್ತೆ ಆ ಡಬ್ಬಿಯನ್ನು ಸದ್ದಿಲ್ಲದೆ ಹಿತ್ತಲಿಗೆ ಒಯ್ದಳು. ಬಂದವಳು ಸೊಸೆಯನ್ನು ಕಂಡು ಗಟ್ಟಿಯಾಗಿ, "ಎಲ್ಲಾ ಮೂಸಿ ನೋಡಿದೀನಿ, ಕಾಯಿ ಒಂದು ಕೆಟ್ಟಿತ್ತು ನೋಡು" ಎಂದಳು.

ಅಜ್ಜಿ ಮೊಮ್ಮಕ್ಕಳಾಟ ಎಂದುಕೊಂಡಳು ಸೊಸೆ. ಆದರೂ ಆ ಮಗುವಿನ ಮುಖದಲ್ಲಿ ಆಟದ ಕಳೆ ಇರಲಿಲ್ಲ. ಸಂಬಳಕ್ಕೆ ಬಂದ ಮುದುಕಿಯ ಹಾಗೆ ಮೈ ನೆಟ್ಟಗೆ ಮಾಡಿ ಕೂತಿದ್ದಳು.

ಆಮೇಲೆ ಕೇಕಿನ ಸಂಗತಿ ನಡೆಯಿತು. ಒಬ್ಬ ಹುಡುಗನ ಹುಟ್ಟುಹಬ್ಬಕ್ಕೆ ಅವನ ತಾಯಿ, ಬ್ಯಾಂಕಿನಲ್ಲಿ ಕೆಲಸ ಮಾಡುವಾಕೆ, ಕೆನೆ ಹಚ್ಚಿದ ದೊಡ್ಡ ಕೇಕು ತಂದಳು. ಕತ್ತರಿಸಿ ಹಂಚಿದಳು. ಮಕ್ಕಳು ಕೈಯಲ್ಲಿ ತುಂಡು ಹಿಡಿದು ಕಾದರು. ಅಳಿಲು ಮೂಸಿದಳು.

"ಬೇಡ."

ಏಳು ತುಂಡೂ ನೆಲಕ್ಕಿಳಿದವು. ಹುಟ್ಟುಹಬ್ಬದ ಹುಡುಗನೂ ತನ್ನದನ್ನು ಕೆಳಗಿಟ್ಟ.

"ಏನ್ರೀ ಇದು? ಮಕ್ಕಳಿಗೆ ಏನು ಕಲಿಸ್ತಿದೀರಿ ಇಲ್ಲಿ?" ಎಂದು ಬ್ಯಾಂಕಿನಾಕೆ ಕೆಂಪಾದಳು. ಕೇಕನ್ನು ಮನೆಗೆ ಒಯ್ದು ತಿಂದು ಇಡೀ ರಾತ್ರಿ ಹೊಟ್ಟೆ ಹಿಡಿದುಕೊಂಡಳಂತೆ. ಮರುದಿನ ಬಂದು ಬೇರೆ ದನಿಯಲ್ಲಿ, "ಆ ಹುಡುಗಿ ಯಾರು?" ಎಂದು ಕೇಳಿದಳು.

ಸುದ್ದಿಗೆ ಕಾಲು ಬಂತು. ಎದುರುಮನೆಯಾಕೆ ಹಾಲಿನ ಪಾತ್ರೆ ಹಿಡಿದು ಬಂದಳು, "ಒಂಚೂರು ಮೂಸಿಸಿ ಕೊಡಿ" ಎಂದು. ಮೂಲೆಯ ಅಂಗಡಿಯವನು ಎಣ್ಣೆಯ ಡಬ್ಬಿ ತಂದ. ಒಬ್ಬಳು ಗಂಡನ ಅಂಗಿಯನ್ನೇ ತಂದಳು. ಅತ್ತೆ ಅವಳನ್ನು ಮಾತ್ರ ಗದರಿಸಿ ಕಳಿಸಿದಳು. ಅಳಿಲು ಬಾಗಿಲಲ್ಲಿ ನಿಂತು ಬಂದದ್ದನ್ನೆಲ್ಲ ಮೂಸಿದಳು. ಯಾರೂ ಅವಳನ್ನು ಬಲವಂತ ಮಾಡುತ್ತಿರಲಿಲ್ಲ. ತಾನು ಮೂಸುವುದಿಲ್ಲ ಎನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ, ಅಷ್ಟೇ.

ಮಕ್ಕಳ ಆಟವೂ ಬದಲಾಯಿತು. ಮುಂಚೆ ಬಸ್ಸಾಟ, ಅಂಗಡಿಯಾಟ ಆಡುತ್ತಿದ್ದರು. ಈಗ ಒಂದೇ ಆಟ. ಕಣ್ಣು ಕಿತ್ತುಹೋದ ಬಟ್ಟೆಯ ಗೊಂಬೆಯನ್ನು ಗೋಡೆಗೆ ಒರಗಿಸಿ, ಖಾಲಿ ಲೋಟವನ್ನು ಅದರ ಮುಖಕ್ಕೆ ಹಿಡಿಯುವರು. ಸ್ವಲ್ಪ ಹೊತ್ತು ಸುಮ್ಮನಿರುವರು. ಆಮೇಲೆ ಎಲ್ಲರೂ ಸೇರಿ ಸಣ್ಣ ದನಿಯಲ್ಲಿ "ಬೇಡ" ಎಂದು ಲೋಟವನ್ನು ಬೋರಲು ಹಾಕುವರು. ಮತ್ತೆ ಮೊದಲಿಂದ. ಸೊಸೆ ಪಕ್ಕದ ಕೋಣೆಯಲ್ಲಿ ತರಕಾರಿ ಹೆಚ್ಚುತ್ತ ಆ "ಬೇಡ"ಗಳನ್ನು ಕೇಳಿಸಿಕೊಳ್ಳುವಳು. ಒಂದು ದಿನ ತಾಳಲಾರದೆ ಗೊಂಬೆಯನ್ನು ಎತ್ತಿ ಬೀರುವಿನ ಮೇಲಿಟ್ಟಳು. ಮಕ್ಕಳು ಅಳಲಿಲ್ಲ. ಗೋಡೆಯ ಆ ಜಾಗಕ್ಕೇ ಲೋಟ ಹಿಡಿದು ಆಟ ಮುಂದುವರಿಸಿದರು.

ಒಂದು ಸಂಜೆ ಮೊಮ್ಮಗಳು ಶಾಲೆಯಿಂದ ಬಂದಾಗ ಬೀದಿಗೇ ಸುಟ್ಟ ವಾಸನೆ ಬರುತ್ತಿತ್ತು. ಓಡಿ ಒಳಹೋದಳು. ಅಡುಗೆಮನೆಯಲ್ಲಿ ಹೊಗೆ. ಹಾಲು ಉಕ್ಕಿ, ಹರಿದು, ಪಾತ್ರೆಯ ತಳ ಕಪ್ಪಾಗಿತ್ತು. ಒಲೆಗೆ ಬೆನ್ನು ಹಾಕಿ ಕೂತ ಅಜ್ಜಿ ಹಾಡೊಂದನ್ನು ಗುನುಗುತ್ತ ಹುರುಳಿಕಾಯಿ ಮುರಿಯುತ್ತಿದ್ದಳು. ಅಳಿಲು ಒಂದು ಕೈಯಲ್ಲಿ ತನ್ನ ಮೂಗು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಅಜ್ಜಿಯ ಬಟ್ಟೆಯ ತುದಿ ಜಗ್ಗುತ್ತಿದ್ದಳು. ಜಗ್ಗಿದಂತೆಲ್ಲ ಅಜ್ಜಿ, "ಇರು ಪುಟ್ಟೀ, ಇನ್ನೊಂದೇ ಹಿಡಿ" ಎನ್ನುತ್ತಿದ್ದಳು.

ಮೊಮ್ಮಗಳು ಒಲೆ ಆರಿಸಿದಳು. "ಅಜ್ಜೀ! ವಾಸನೆ ಬರ್ಲಿಲ್ವಾ?"

ಅಜ್ಜಿ ತಿರುಗಿ ಪಾತ್ರೆ ನೋಡಿದಳು. "ಬಂತು, ಬಂತು. ಏಳೋಣ ಅಂತಿದ್ದೆ. ಮಂಡಿ ನೋವು. ನಿಮ್ಮಮ್ಮನಿಗೆ ಹೇಳ್ಬೇಡ, ಹಾಲಿನ ಲೆಕ್ಕ ಕೇಳ್ತಾಳೆ."

ಮೊಮ್ಮಗಳು ಅಜ್ಜಿಯ ಮುಖವನ್ನೇ ನೋಡಿದಳು. ಅಮ್ಮನಿಗೆ ಹೇಳಲಿಲ್ಲ.

ಆಮೇಲೆ ಒಂದು ದಿನ, ಮರುದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುವುದಿಲ್ಲವೆಂದು ಬೀದಿಯಲ್ಲಿ ಹೇಳಿಹೋದರು. ಅತ್ತೆ ಮುಂದಾಲೋಚನೆಯಿಂದ ಸಂಜೆಯೇ ದೊಡ್ಡ ಪಾತ್ರೆಯಲ್ಲಿ ಮಕ್ಕಳಿಗೆ ಬೇಕಾದ ಅನ್ನವನ್ನೂ ಮಾಡಿಟ್ಟಳು. ಪಾತ್ರೆ ಪುಟ್ಟ ಫ್ರಿಜ್ಜಿನಲ್ಲಿ ಹಿಡಿಸುವಂತಿರಲಿಲ್ಲ. ಸೊಸೆ ಮಲಗುವ ಮುಂಚೆ ಅಡುಗೆ ಕಟ್ಟೆ ಒರೆಸುತ್ತ ಮುಚ್ಚಳ ಮುಟ್ಟಿ ನೋಡಿದಳು. ಇನ್ನೂ ಬೆಚ್ಚಗಿತ್ತು.

"ಅತ್ತೆ, ಇದನ್ನ ಡಬ್ಬಿಗಳಿಗೆ ಹಾಕಿ ಒಳಗಿಡೋಣ್ವಾ? ಹೀಗೇ ಬಿಟ್ರೆ..."

"ಹಾಲು ಎಲ್ಲಿಡ್ತೀಯಾ ಆಗ? ನಿನ್ನ ತಲೆ ಮೇಲಾ? ಬಿಗಿಯಾಗಿ ಮುಚ್ಚಿದೀನಿ. ಬೆಳಿಗ್ಗೆ ಮೂಸಿ ನೋಡಿದ್ರಾಯ್ತು. ಹಾಸ್ಟೆಲಲ್ಲಿ ಇಷ್ಟು ವರ್ಷ ಏನು ಮಾಡಿದೆ ನಾನು?"

ಸೊಸೆ ದೀಪ ಆರಿಸಿ ಮಲಗಿದಳು.

ಬೆಳಿಗ್ಗೆ ಮಣೆಯ ಮೇಲೆ ಕೂತ ಅಳಿಲಿನ ಮುಂದೆ ಅತ್ತೆ ಪಾತ್ರೆಯನ್ನೇ ಇಳಿಸಿದಳು. ಹುಡುಗಿ ಬಹಳ ಹೊತ್ತು ಬಗ್ಗಿ ಮೂಸಿದಳು. ಒಮ್ಮೆ ಅಜ್ಜಿಯನ್ನು ನೋಡಿದಳು. ಮತ್ತೆ ಮೂಸಿದಳು.

"ಹೂಂ."

ಮಧ್ಯಾಹ್ನ ಆ ಅನ್ನವನ್ನೇ ಬಿಸಿ ಮಾಡಿ ತರಕಾರಿ ಕಲಸಿ ಬಡಿಸಿದರು. ಎಲ್ಲರೂ ಚೆನ್ನಾಗಿ ತಿಂದರು. ಗುಂಡ ಎರಡು ಸಲ ಹಾಕಿಸಿಕೊಂಡ. ಅಳಿಲು ಎಂದಿನಂತೆ ನಾಲ್ಕು ಚಮಚ ತಿಂದು ತಟ್ಟೆ ಸರಿಸಿದಳು. ಚಾಪೆ ಹಾಸಿ ಎಲ್ಲರನ್ನೂ ಮಲಗಿಸಿ, ಪರದೆ ಎಳೆದು, ಸೊಸೆ ಹೊಸ್ತಿಲಲ್ಲಿ ಕೂತು ಕಿತ್ತುಹೋದ ಗುಂಡಿ ಹೊಲಿಯತೊಡಗಿದಳು.

ಮೊದಲು ಎದ್ದು ಕೂತವನು ಗುಂಡ. ಕಣ್ಣು ತೆರೆದಿತ್ತು, ಏನನ್ನೂ ನೋಡುತ್ತಿರಲಿಲ್ಲ. ವಾಂತಿ ಮಾಡಿದ. ಸೊಸೆ ಅವನನ್ನು ಎತ್ತಿಕೊಳ್ಳುವಷ್ಟರಲ್ಲಿ ಅವನ ಪಕ್ಕದವಳು. ಆಮೇಲೆ ಅವಳ ಪಕ್ಕದವನು. ಯಾರೋ ಸಾಲಿನುದ್ದಕ್ಕೂ ನಡೆಯುತ್ತ ಒಬ್ಬೊಬ್ಬರನ್ನೇ ಮುಟ್ಟಿ ಎಬ್ಬಿಸಿದಂತೆ ಮಕ್ಕಳು ಸರದಿಯಲ್ಲಿ ಎದ್ದು ಕೂತರು. ಸಾಲಿನ ಕೊನೆಯ ಚಾಪೆಯಲ್ಲಿ ಮಾತ್ರ ಅಳಿಲು ಮೊದಲೇ ಎದ್ದು, ಮಂಡಿ ಅಪ್ಪಿಕೊಂಡು, ಮಬ್ಬು ಬೆಳಕಿನಲ್ಲಿ ಎಲ್ಲರನ್ನೂ ನೋಡುತ್ತಿದ್ದಳು. ಅವಳಿಗೆ ಏನೂ ಆಗಿರಲಿಲ್ಲ.

ಸೊಸೆ ಗುಂಡನನ್ನು ಹೆಗಲ ಮೇಲೆ ಹಾಕಿಕೊಂಡೇ ಅವಳ ಮುಂದೆ ನಿಂತಳು. ಹೆದರಿಕೆಗೆ ಸಿಟ್ಟಿನ ನಾಲಗೆ ಬರುವುದು ಬೇಗ.

"ನಿಂಗೆ ಗೊತ್ತಿತ್ತಲ್ವಾ? ಗೊತ್ತಿದ್ದೂ ಹೂಂ ಅಂದ್ಯಾ? ಹೇಳು! ಏನು ಮಾಡ್ದೆ ನೀನು ಇವರಿಗೆ?"

ಅಳಿಲು ತನ್ನ ಎರಡೂ ಕೈಯಿಂದ ಮೂಗು ಮುಚ್ಚಿಕೊಂಡಳು.

ಸಂಜೆಯ ಹೊತ್ತಿಗೆ ಮಕ್ಕಳೆಲ್ಲ ತಂದೆ ತಾಯಿಯರ ತೋಳಲ್ಲಿ ಮನೆ ಸೇರಿದರು. ಗುಂಡನೊಬ್ಬನಿಗೆ ಆಸ್ಪತ್ರೆಯಲ್ಲಿ ಒಂದು ರಾತ್ರಿ ಗ್ಲೂಕೋಸ್ ಬಾಟಲಿ ಹಾಕಿದರು. ಮರುದಿನ ಅವನೂ ಎದ್ದು ಬಿಸ್ಕತ್ತು ಕೇಳಿದ. ಆಸ್ಪತ್ರೆಯಿಂದಲೇ ಮಾತು ಹೋಗಿ, ಆರೋಗ್ಯ ತಪಾಸಣೆಯ ಹೆಂಗಸು ಚೀಲ ಹಿಡಿದು ಬಂದಳು. ದಪ್ಪ ಕನ್ನಡಕ, ಸವೆದ ಚಪ್ಪಲಿ. ಜೋರು ಮಾಡಲಿಲ್ಲ. ಅಡುಗೆಮನೆ, ಸಿಂಕು, ಕೈ ಒರೆಸುವ ಬಟ್ಟೆ ನೋಡಿದಳು. ಫ್ರಿಜ್ಜಿನ ಬಾಗಿಲು ತೆರೆದು ಒಳಗೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತಳು.

"ಅನ್ನ ಯಾವಾಗ ಮಾಡಿದ್ದು?"

"ಬೆಳಿಗ್ಗೆ" ಎಂದಳು ಅತ್ತೆ.

"ಹಿಂದಿನ ಸಂಜೆ" ಎಂದಳು ಸೊಸೆ.

ಅತ್ತೆ ಸೊಸೆಯ ಕಡೆ ತಿರುಗಿ ನೋಡಿದಳು. ಆ ನೋಟವನ್ನು ತಪಾಸಣೆಯವಳೂ ನೋಡಿದಳು, ನೋಡದವಳಂತೆ ಬರೆದುಕೊಂಡಳು.

"ರಾತ್ರಿಯಿಡೀ ಹೊರಗೇ ಇತ್ತಾ?"

"ನಾನು ಮೂಸಿ ನೋಡಿದೀನಿ ತಾಯಿ" ಎಂದಳು ಅತ್ತೆ. "ಒಂಚೂರೂ ಕೆಟ್ಟಿರಲಿಲ್ಲ. ಹೂವಿನ ಹಾಗಿತ್ತು."

"ನೀನು ಮೂಸಿಲ್ಲ ಅಜ್ಜಿ" ಎಂದಳು ಮೊಮ್ಮಗಳು ಬಾಗಿಲಿಂದ. "ನಿನಗೆ ವಾಸನೆ ಬರಲ್ಲ."

ಮಗ, "ಏಯ್, ದೊಡ್ಡವರ ಮಾತಲ್ಲಿ..." ಎಂದ.

"ಬರಲ್ಲ ಅಪ್ಪಾ! ಜ್ವರ ಬಂದು ಹೋದಾಗಿನಿಂದ ಬರಲ್ಲ. ಹಾಲು ಸುಟ್ಟು ಕರಿ ಆಗಿದ್ರೂ ಪಕ್ಕದಲ್ಲಿ ಕೂತು ಹಾಡ್ತಿದ್ಲು. ನಾನು ಮೂರು ವಾರದಿಂದ ಸೆಂಟ್ ಹಾಕ್ಕೊಂಡು ಅವಳ ಮುಂದೇನೇ ಓಡಾಡ್ತಿದೀನಿ. ಮುಂಚೆ ಆಗಿದ್ರೆ ಗೇಟ್ ದಾಟಕ್ಕೆ ಬಿಡ್ತಿದ್ಲಾ?"

"ಮತ್ತೆ ಯಾಕೇ ಹೇಳ್ಲಿಲ್ಲ?" ಎಂದಳು ಸೊಸೆ.

"ಬೈಸ್ಕೊಳ್ಳೋದು ತಪ್ತಲ್ಲ ಅಂತ" ಎಂದಳು ಹುಡುಗಿ. ಹೇಳಿದ ಮೇಲೆ ಅವಳೇ ಅತ್ತಳು.

ಎಲ್ಲರೂ ಅತ್ತೆಯ ಕಡೆ ನೋಡಿದರು. ಅತ್ತೆ ಅಡುಗೆ ಕಟ್ಟೆಯನ್ನು ಒಣಗಿದ ಬಟ್ಟೆಯಿಂದ ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

"ಆ ಮಗುವಿಗೆ ಬರುತ್ತಲ್ಲ" ಎಂದಳು ಕೊನೆಗೆ. "ಅದಕ್ಕೆ ತೋರಿಸೇ ಇಡ್ತಿದ್ದೆ. ಅದು ಒಂದಿನಾನೂ ತಪ್ಪಿಲ್ಲ. ಆವತ್ತು ಒಂದಿನ ಹೇಗೆ ತಪ್ಪಿತೋ..."

"ತಪ್ಪಿಲ್ಲಮ್ಮಾ" ಎಂದಳು ತಪಾಸಣೆಯವಳು. ಕನ್ನಡಕ ತೆಗೆದು ಒರೆಸಿಕೊಂಡಳು. "ಅನ್ನ ಬೆಚ್ಚಗೆ ಹೊರಗಿದ್ರೆ ಅದರೊಳಗೆ ಬೆಳೆಯೋ ವಿಷಕ್ಕೆ ವಾಸನೆ ಇಲ್ಲ, ರುಚಿ ಇಲ್ಲ. ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ. ನಿಮ್ಮ ಮೂಗು ಸರಿಯಾಗಿದ್ದಿದ್ರೂ ಹೂಂ ಅಂತಾನೇ ಅನ್ನುತ್ತಿದ್ರಿ. ನಾನು ಮೂಸಿದ್ರೂ ಅಷ್ಟೇ. ಇದುವರೆಗೆ ಏನೂ ಆಗದೆ ಇದ್ದದ್ದು ನಿಮ್ಮ ಪುಣ್ಯ, ಮೂಗಲ್ಲ."

ಆ ಮಾತು ಕೇಳಿ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇಷ್ಟು ವರ್ಷ ಆ ಮನೆಯಲ್ಲಿ ಉಂಡ ಊಟಗಳೆಲ್ಲ ನೆನಪಾದವರಂತೆ ಎಲ್ಲರೂ ಆ ಪಾತ್ರೆಯನ್ನು ನೋಡಿದರು. ತೊಳೆದಿಟ್ಟಿದ್ದರು. ಥಳಥಳ ಹೊಳೆಯುತ್ತಿತ್ತು.

ಎರಡು ವಾರ ಮುಚ್ಚಬೇಕು ಎಂದಳು ತಪಾಸಣೆಯವಳು. ಅಡುಗೆಯನ್ನೆಲ್ಲ ಸಣ್ಣ ಡಬ್ಬಿಗಳಲ್ಲಿ ಬೇಗ ಆರಿಸಿ ಇಡುವಷ್ಟು ದೊಡ್ಡ ಫ್ರಿಜ್ಜು ಬೇಕು, ಅದರೊಳಗಿನ ತಂಪು ಅಳೆಯುವ ಕಡ್ಡಿ ಬೇಕು. ಮಾಡಿದ್ದನ್ನು ಅಂದೇ ಬಡಿಸಬೇಕು. ಎರಡು ಗಂಟೆ ಹೊರಗಿದ್ದದ್ದನ್ನು ಮಕ್ಕಳಿಗೆ ಕೊಡಬಾರದು.

"ಚೆನ್ನಾಗಿದ್ರೂ?" ಎಂದಳು ಅತ್ತೆ.

"ಚೆನ್ನಾಗಿದ್ರೂ."

ಆ ಎರಡು ವಾರ ಮನೆಯಲ್ಲಿ ಜಗಳಕ್ಕೆ ಬಿಡುವಿರಲಿಲ್ಲ. ಮಗ ಸಾಲ ಮಾಡಿ ಹಳೆಯ ಫ್ರಿಜ್ಜೊಂದನ್ನು ತಂದ. ಅದು ರಾತ್ರಿ ಮುದುಕನ ಹಾಗೆ ನರಳುತ್ತಿತ್ತು.

"ನನ್ನ ಮಾತು ತಪಾಸಣೆಯವಳ ಮುಂದೆ ಸುಳ್ಳು ಮಾಡಿದೆ" ಎಂದಳು ಅತ್ತೆ ಊಟಕ್ಕೆ ಕೂತಾಗ.

"ಸುಳ್ಳನ್ನ ಸುಳ್ಳು ಮಾಡೋದೇನು ಬಂತು ಅತ್ತೆ?"

"ಮನೆ ಮಾನ ಅಂತ ಒಂದಿರುತ್ತೆ."

"ಗುಂಡ ಅಂತ ಒಬ್ಬ ಇದ್ದ. ಬಾಟಲಿ ಹಾಕಿಸ್ಕೊಂಡು ಮಲಗಿದ್ದ."

"ಸಾಕು ಮಾಡ್ರೋ" ಎಂದ ಮಗ. "ನನಗೆ ಬಸ್ಸಲ್ಲೇ ಸಾಕಷ್ಟು ಹಾರ್ನ್ ಕೇಳ್ಸುತ್ತೆ."

ಬಾಗಿಲು ತೆರೆದ ದಿನ ಏಳರಲ್ಲಿ ನಾಲ್ಕು ಮಕ್ಕಳು ಬಂದರು. ಅವರಲ್ಲಿ ಅಳಿಲೂ ಇದ್ದಳು. ಬ್ಯಾಂಕಿನಾಕೆಯ ಮಗ ಬರಲಿಲ್ಲ. ಅಳಿಲಿನ ತಾಯಿ ಈ ಸಲ ಓಡಿಹೋಗದೆ ಹೊಸ್ತಿಲಲ್ಲಿ ನಿಂತಳು.

"ಅಕ್ಕಾ, ಬೇರೆ ಕಡೆ ಬಿಡೋಕೆ ನನಗೆ ಜಾಗ ಇಲ್ಲ. ಅದಕ್ಕೇ ತಂದೆ. ಆದ್ರೆ ಇವಳು ಏನೂ ತಿಂತಿಲ್ಲ. ಬಾಳೆಹಣ್ಣು, ಓಡಿನ ಸಮೇತ ಬೇಯಿಸಿದ ಮೊಟ್ಟೆ, ಅಷ್ಟೇ. ಸಿಪ್ಪೆ ಅವಳೇ ಸುಲೀಬೇಕು. ಬೇರೆಯವರ ಕೈ ತಾಗಿದ್ರೆ ಆಯ್ತು, ಮುಟ್ಟಲ್ಲ."

"ಮೊದಲಿಂದಾನೂ ಹೀಗೇನಾ ಇವಳು? ಮೂಸೋದು?"

"ಇಲ್ಲಕ್ಕಾ. ಎರಡು ವರ್ಷದವಳಿದ್ದಾಗ ನಾನು ರಾತ್ರಿ ಪಾಳಿ ಮುಗಿಸಿ ಬಂದು, ನಿದ್ದೆಗಣ್ಣಲ್ಲಿ ಒಡೆದ ಹಾಲು ಕುಡಿಸಿಬಿಟ್ಟೆ. ಆಸ್ಪತ್ರೇಲಿ ಎಷ್ಟೋ ದಿನ. ಬದುಕಲ್ಲ ಅಂದಿದ್ರು. ಅಲ್ಲಿಂದ ಬಂದ ಮೇಲೆ ಹೀಗೆ." ಅವಳು ತಲೆ ತಗ್ಗಿಸಿದಳು. "ಮಾತೂ ಆವಾಗಲೇ ಕಮ್ಮಿ ಆಗಿದ್ದು. ಭಯ ಅಕ್ಕಾ ಅದಕ್ಕೆ. ಬೇರೇನಲ್ಲ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಅತ್ತೆ ಕೇಳಿಸಿಕೊಂಡಿದ್ದಳು.

ಸೊಸೆ ಬಗ್ಗಿ ಅಳಿಲಿನ ಕೈ ಹಿಡಿಯಹೋದಳು. ಮಗು ಒಂದು ಹೆಜ್ಜೆ ಹಿಂದೆ ಸರಿದು ಮೂಗು ಮುಚ್ಚಿಕೊಂಡಿತು.

ದಿನಗಳು ಹಾಗೇ ಹೋದವು. ಮಧ್ಯಾಹ್ನ ಮೂರು ಮಕ್ಕಳು ಅನ್ನದ ಮುಂದೆ ಚಮಚ ಎತ್ತಿ ಅಳಿಲಿನ ಕಡೆ ನೋಡುವರು. ಅಳಿಲು ಗೋಡೆಗೆ ತಿರುಗಿ ಬಾಳೆಹಣ್ಣು ಸುಲಿಯುವಳು. ಅಪ್ಪಣೆ ಸಿಗದೆ ಮಕ್ಕಳು ಕೊನೆಗೆ ತಾವೇ ಕಣ್ಣು ಮುಚ್ಚಿ ಮೂಸಿ, ಅನುಮಾನದಿಂದ ತಿನ್ನುವರು. ಅಳಿಲಿನ ತೋಳು ದಿನದಿಂದ ದಿನಕ್ಕೆ ಸಣ್ಣಗಾಯಿತು. ಬೆಳಿಗ್ಗೆ ಅವಳ ಅಂಗಿ ತೊಡಿಸುವಾಗ ಭುಜದ ಮೂಳೆ ಕೈಗೆ ಸಿಗುತ್ತದೆ ಎಂದಳು ತಾಯಿ. ಸೊಸೆ ಕ್ಷಮೆ ಕೇಳಿದಳು, ಆಟಿಕೆ ಕೊಟ್ಟಳು, ಬೀರುವಿನ ಮೇಲಿಂದ ಗೊಂಬೆ ಇಳಿಸಿಕೊಟ್ಟಳು. ಅಳಿಲು ಗೊಂಬೆಯನ್ನು ಮುಖ ಗೋಡೆಗೆ ಮಾಡಿ ಮಲಗಿಸಿದಳು.

"ಇನ್ನೊಂದು ವಾರ ಹೀಗೇ ಆದ್ರೆ ಆಸ್ಪತ್ರೆಗೆ ಸೇರಿಸ್ಬೇಕು" ಎಂದಳು ಸೊಸೆ ಗಂಡನಿಗೆ. "ನಾನು ಆಡಿದ ಮಾತು ಅದಕ್ಕೆ ಹೊಕ್ಕುಬಿಟ್ಟಿದೆ ರೀ."

"ನೀನೊಬ್ಬಳೇ ಅಲ್ಲ" ಎಂದಳು ಅತ್ತೆ.

ಮರುದಿನ ಅತ್ತೆ ಅಡುಗೆ ಮುಗಿಸಿದಾಗ ಬೆಳಗಿನ ಹೊತ್ತು ಇನ್ನೂ ಉಳಿದಿತ್ತು. ತರಕಾರಿ ಅನ್ನ, ಮೇಲೆ ತುಪ್ಪ. ಆ ದಿನವೇ ಬೀದಿಯಲ್ಲಿ ಚರಂಡಿ ತುಂಬಿ ಮುಂಬಾಗಿಲಿಗೆ ನೀರು ನುಗ್ಗಿತು. ಸೊಸೆ, ಅತ್ತೆ ಇಬ್ಬರೂ ಪೊರಕೆ ಹಿಡಿದರು, ನೆಲವನ್ನು ಔಷಧಿ ಹಾಕಿ ತೊಳೆದರು, ಮಕ್ಕಳಿಗೆ ಬಾಳೆಹಣ್ಣು ಕೊಟ್ಟು ಒಳಕೋಣೆಗೆ ಸಾಗಿಸಿದರು. ಎಲ್ಲ ಮುಗಿದು ಕೈ ತೊಳೆದು ಬಂದಾಗ ಮಧ್ಯಾಹ್ನ ದಾಟಿತ್ತು. ಪಾತ್ರೆ ಕಟ್ಟೆಯ ಮೇಲೆ ಮುಚ್ಚಿದಂತೆಯೇ ಇತ್ತು. ಸೊಸೆ ಮುಚ್ಚಳ ತೆಗೆದಳು. ತುಪ್ಪದ ಘಮ ಮುಂದಿನ ಕೋಣೆಯವರೆಗೂ ಹೋಯಿತು.

ಸೊಸೆ ಗಡಿಯಾರ ನೋಡಿದಳು. ಅತ್ತೆಯನ್ನು ನೋಡಿದಳು.

"ಅಳಿಲನ್ನ ಕರಿ" ಎಂದಳು ಅತ್ತೆ.

"ಅತ್ತೆ, ಬೇಡ. ಮತ್ತೆ ಅದನ್ನ ಮೂಸಿಸ್ಬೇಡಿ."

"ಕರಿ ಅಂದೆ."

ಅಳಿಲು ಬಂದು ದೂರ ನಿಂತಳು. ಪಾತ್ರೆ ಕಂಡವಳೇ ಕೈ ಮೂಗಿಗೆ ಹೋಯಿತು. ಅತ್ತೆ ನೆಲದ ಮೇಲೆ ಕಷ್ಟಪಟ್ಟು ಕೂತಳು. ಮಂಡಿ ಚಟಚಟ ಅಂದಿತು.

"ಪುಟ್ಟೀ, ನನಗೆ ವಾಸನೆ ಬರಲ್ಲ. ಚಳಿಗಾಲದಿಂದ ಬರಲ್ಲ. ಹೇಳಿದ್ರೆ ಇವರು ನನ್ನ ಒಲೆ ಹತ್ರ ಬಿಡಲ್ಲ ಅಂತ ನಿನ್ನ ಕೂರಿಸ್ಕೊಂಡೆ. ನೀನು ಮಾಡೋ ಕೆಲಸ ಅಲ್ಲ ಅದು. ಆವತ್ತಿನ ಅನ್ನಕ್ಕೆ ವಾಸನೇನೇ ಇರಲಿಲ್ಲ. ತಪ್ಪು ನಂದು. ನಿಂದಲ್ಲ."

ಅಳಿಲು ನೋಡುತ್ತಲೇ ಇದ್ದಳು.

"ಈಗ ಇದು. ಚೆನ್ನಾಗಿದೆ ಅಂತ ನನ್ನ ಸೊಸೆ ಮುಖಾನೇ ಹೇಳುತ್ತೆ. ಇರಬಹುದು. ಆದ್ರೆ ಹೊತ್ತು ಮೀರಿದೆ. ನೀನು ಮೂಸೋದು ಬೇಡ."

ಅತ್ತೆ ಎದ್ದು ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿತ್ತಲಿಗೆ ನಡೆದಳು. ಅಳಿಲು ಹಿಂದೆ ಹೋದಳು. ಕಸದ ಡಬ್ಬಿಯ ಮುಂದೆ ಅತ್ತೆ ಬಹಳ ಹೊತ್ತು ನಿಂತಳು. ಒಂದು ಅಗುಳು ಚೆಲ್ಲಿದರೂ ಬಗ್ಗಿ ಆರಿಸುತ್ತಿದ್ದ ಕೈ. ಆ ಕೈ ಪಾತ್ರೆಯನ್ನು ಬೋರಲು ಹಾಕಿತು. ಬಿಸಿ ಪೂರ್ತಿ ಆರಿರದ ಅನ್ನ ಒಂದೇ ಮುದ್ದೆಯಾಗಿ ಕೆಳಗೆ ಬಿತ್ತು. ತಳಕ್ಕೆ ಅಂಟಿದ್ದನ್ನು ಚಮಚದಿಂದ ಕೆರೆದು ಅದನ್ನೂ ಹಾಕಿದಳು. ಮುಂಗೈಯಿಂದ ಕಣ್ಣೊರೆಸಿಕೊಂಡಳು.

"ಬೇಡ" ಎಂದಳು ಅಳಿಲು ಸಣ್ಣಗೆ. ಅನ್ನಕ್ಕೆ ಅಂದದ್ದೋ, ಅಜ್ಜಿ ಅಳುವುದಕ್ಕೆ ಅಂದದ್ದೋ ಯಾರಿಗೂ ತಿಳಿಯಲಿಲ್ಲ.

ಅತ್ತೆ ಒಳಗೆ ಬಂದು ಮತ್ತೆ ಅಕ್ಕಿ ತೊಳೆದಳು. ಕುಕ್ಕರು ಕೂಗುವವರೆಗೆ ಅಳಿಲು ಮಣೆಯ ಮೇಲೆ ಕೂತಿದ್ದಳು. ಅನ್ನ ಆದ ಕೂಡಲೇ ನಾಲ್ಕು ತಟ್ಟೆಗೆ ಬಡಿಸಿದರು. ಮುಂದಿನ ಕೋಣೆಯಲ್ಲಿ ಮೂರು ಚಮಚಗಳು ಮೇಲೆದ್ದು ಮೂಗಿನ ಹತ್ತಿರ ನಿಂತವು. ಮೂರು ಜೊತೆ ಕಣ್ಣು ಮುಚ್ಚಿದವು.

ಅಳಿಲು ಅವರನ್ನು ಒಮ್ಮೆ ನೋಡಿದಳು. ಊದಿ, ಮೂಸದೆ, ಬಾಯಿಗಿಟ್ಟುಕೊಂಡಳು.

"ಇನ್ನೂ ಹಾಕು ಅಜ್ಜಿ" ಎಂದಳು. ಆ ಮನೆಯಲ್ಲಿ ಅವಳು ಆಡಿದ ಮೊದಲ ಪೂರ್ತಿ ಮಾತು ಅದು.

ಆ ವರ್ಷ ಆ ಮನೆ ಕಳೆದುಕೊಂಡದ್ದು ಮೂರು ಮಕ್ಕಳ ಫೀಸು, ಒಂದು ಪಾತ್ರೆ ಒಳ್ಳೆಯ ಅನ್ನ, ಅತ್ತೆಯ ಮೂಗು. ಮೂಗು ಮರಳಿ ಬರಲಿಲ್ಲ. ಈಗ ಅವಳು ಮುಚ್ಚಳ ತೆಗೆಯುವ ಮೊದಲು ಹೊತ್ತೆಷ್ಟಾಯಿತೆಂದು ಕೇಳುತ್ತಾಳೆ. ಸಿಕ್ಕಿದ್ದು ನರಳುವ ಒಂದು ಫ್ರಿಜ್ಜು, ತಂಪು ಅಳೆಯುವ ಕಡ್ಡಿ, ಮೈ ತುಂಬಿಕೊಂಡ ಒಂದು ಮಗು. ಬಿಟ್ಟುಹೋದವರಲ್ಲಿ ಬ್ಯಾಂಕಿನಾಕೆ ಒಮ್ಮೆ ಬಸ್ಸಿನಲ್ಲಿ ಸಿಕ್ಕಿ, ಬಸ್ಸು ಓಡಿಸುವ ಈ ಮನೆಯ ಮಗನಿಗೆ ಹೇಳಿದಳು: ಅವಳ ಹುಡುಗ ಈಗಲೂ ಊಟಕ್ಕೆ ಕೂತರೆ ಚಮಚ ಎತ್ತಿ, ಕಣ್ಣು ಮುಚ್ಚಿ, ಯಾರೋ ಹೂಂ ಅನ್ನುವವರೆಗೆ ಕಾಯುತ್ತಾನಂತೆ.